ಗೊರಕೆ ಮತ್ತು ಲೇಸರ್ ಚಿಕಿತ್ಸೆ

ಗೊರಕೆಯನ್ನು ನಮ್ಮ ಸಮಾಜವು ಬಹುಕಾಲದಿಂದ ನಗೆಯ ವಸ್ತುವಾಗಿ ಕಂಡಿದೆ. ಗಾಢನಿದ್ರೆಯ ಲಕ್ಷಣವೆಂದು ಭಾವಿಸುವವರೂ ಉಂಟು. ವೈದ್ಯಶಾಸ್ತ್ರದ ದೃಷ್ಟಿ ಬೇರೆ. ನಿದ್ರೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು ಶ್ವಾಸಮಾರ್ಗವು ಕಿರಿದಾಗುತ್ತದೆ. ಆ ಇಕ್ಕಟ್ಟಿನಲ್ಲಿ ನುಗ್ಗುವ ಗಾಳಿಯು ಮೃದು ಅಂಗುಳನ್ನೂ ಕಿರುನಾಲಗೆಯನ್ನೂ ಕಂಪಿಸಿದಾಗ ಹುಟ್ಟುವ ಧ್ವನಿಯೇ ಗೊರಕೆ. ಸ್ಥೂಲಕಾಯ, ಮದ್ಯಪಾನ, ಮೂಗಿನ ತಡೆ, ಅಂಗಾತ ಮಲಗುವ ರೂಢಿ ಇವು ಅದನ್ನು ಹೆಚ್ಚಿಸುತ್ತವೆ.

1960ರಲ್ಲಿ ಅಮೇರಿಕೆಯ ಥಿಯೊಡೋರ್ ಮೈಮನ್ ಮೊದಲ ಲೇಸರನ್ನು ಬೆಳಗಿಸಿದರು. 1990ರಲ್ಲಿ ಫ್ರಾನ್ಸಿನ ವೈದ್ಯ ಕಮಾಮಿಯವರು ಲೇಸರಿನಿಂದ ಕಿರುನಾಲಗೆಯನ್ನು ಕತ್ತರಿಸಿ ಗೊರಕೆಯನ್ನು ತಗ್ಗಿಸುವ ವಿಧಾನವನ್ನು ಪ್ರಕಟಿಸಿದರು. ಅದು ನೋವಿನಿಂದ ಕೂಡಿದ ಶಸ್ತ್ರಕ್ರಿಯೆಯೇ ಆಗಿತ್ತು. ಈಚಿನ ಎರ್ಬಿಯಂ-ಯಾಗ್ ಲೇಸರ್ ಚಿಕಿತ್ಸೆಯಲ್ಲಿ ಕತ್ತರಿಸುವ ಕಾರ್ಯವಿಲ್ಲ. 2940 ನ್ಯಾನೊಮೀಟರ್ ತರಂಗಾಂತರದ ಕಿರಣವನ್ನು ಅಂಗಾಂಶದಲ್ಲಿನ ನೀರು ಹೀರಿಕೊಂಡು ಬಿಸಿಯಾಗುತ್ತದೆ. ಆ ಮಿತವಾದ ಶಾಖದಿಂದ ಕೊಲಾಜನ್ ತಂತುಗಳು ಸಂಕುಚಿಸಿ ಅಂಗುಳು ಬಿಗಿಯಾಗುತ್ತದೆ. ಮಗ್ಗದ ಮೇಲೆ ಸಡಿಲವಾದ ಹಾಸಿನ ನೂಲನ್ನು ಬಿಗಿಗೊಳಿಸುವ ರಬಕವಿ-ಬನಹಟ್ಟಿಯ ನೇಕಾರರಿಗೆ ಈ ತತ್ತ್ವವು ಸುಲಭವಾಗಿ ತಿಳಿದೀತು. ಕೆಲವು ವಾರಗಳ ಅಂತರದಲ್ಲಿ ಸಾಮಾನ್ಯವಾಗಿ ಮೂರು ಸಲ ಈ ಚಿಕಿತ್ಸೆ ನಡೆಯುತ್ತದೆ. ಆದರೆ ಪರಿಣಾಮವು ಶಾಶ್ವತವಲ್ಲ. ಈವರೆಗಿನ ಅಧ್ಯಯನಗಳು ಹೆಚ್ಚಾಗಿ ಚಿಕ್ಕ ಪ್ರಮಾಣದವು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಗೊರಕೆಯ ನಡುವೆ ಉಸಿರು 10 ಸೆಕೆಂಡು ಅಥವಾ ಅದಕ್ಕೂ ಹೆಚ್ಚು ಕಾಲ ಮತ್ತೆ ಮತ್ತೆ ನಿಲ್ಲುತ್ತಿದ್ದರೆ ಅದು ನಿದ್ರಾಶ್ವಾಸರೋಧವೆಂಬ ರೋಗ. ರಕ್ತದೊತ್ತಡ, ಹೃದ್ರೋಗಗಳೊಡನೆ ಅದಕ್ಕೆ ನಂಟುಂಟು. ಲೇಸರ್ ಧ್ವನಿಯನ್ನು ಅಡಗಿಸಿ ರೋಧವನ್ನು ಉಳಿಸಿದರೆ, ಮನೆಯವರನ್ನು ಎಚ್ಚರಿಸುತ್ತಿದ್ದ ಗಂಟೆಯೇ ಮೂಕವಾದಂತೆ. ಆದುದರಿಂದ ಮೊದಲು ನಿದ್ರಾಪರೀಕ್ಷೆ, ಅನಂತರ ಚಿಕಿತ್ಸೆ. ತೀವ್ರ ರೋಧಕ್ಕೆ 1981ರಲ್ಲಿ ಆಸ್ಟ್ರೇಲಿಯದ ಕಾಲಿನ್ ಸಲಿವನ್ ವರದಿಮಾಡಿದ, ಮುಖವಾಡದ ಮೂಲಕ ಗಾಳಿಯೊತ್ತಡ ನೀಡುವ ಸಾಧನವೇ ಇಂದಿಗೂ ಮುಖ್ಯ ಆಸರೆ.

ಜಮಖಂಡಿ, ಮುಧೋಳ, ಬೀಳಗಿ ಪರಿಸರದಲ್ಲಿ ಕಬ್ಬು ನುರಿಸುವ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳು ರಾತ್ರಿಯೂ ಓಡುತ್ತವೆ. ನಿದ್ರೆ ಕೆಟ್ಟ ಚಾಲಕನ ಒಂದು ಕ್ಷಣದ ತೂಕಡಿಕೆಯು ಪ್ರಾಣಾಪಾಯಕ್ಕೆ ಸಾಕು.

ಶಿಕ್ಷಕರಿಗೂ ಇದರಲ್ಲಿ ಪಾಠವಿದೆ. ಮಕ್ಕಳ ಗೊರಕೆಗೆ ಟಾನ್ಸಿಲ್, ಅಡಿನಾಯ್ಡ್ ಗ್ರಂಥಿಗಳ ಊತವೇ ಬಹುಮಟ್ಟಿಗೆ ಕಾರಣ. ಅದಕ್ಕೆ ಲೇಸರ್ ಮದ್ದಲ್ಲ. ಬಾಯಿತೆರೆದು ಮಲಗುವ, ತರಗತಿಯಲ್ಲಿ ತೂಕಡಿಸುವ ಬಾಲಕನನ್ನು ಸೋಮಾರಿಯೆಂದು ದಂಡಿಸುವ ಮುನ್ನ, ಪ್ರಸಾದನಿಲಯದಲ್ಲಿ ಅವನ ರಾತ್ರಿಯ ಉಸಿರಾಟವನ್ನು ಗಮನಿಸುವುದು ಲೇಸು. ಸಂಶಯವಿದ್ದಲ್ಲಿ ಅವನನ್ನು ಬಾಗಲಕೋಟೆಯ ವೈದ್ಯಕೀಯ ಮಹಾವಿದ್ಯಾಲಯದ ಕಿವಿ-ಮೂಗು-ಗಂಟಲು ತಜ್ಞರಲ್ಲಿಗೆ ಕಳುಹಿಸುವುದು ಪಾಲಕರ, ಗುರುಗಳ ಸಮಾನ ಹೊಣೆಯಾಗಿದೆ.