ಫಲಕ ಮುದ್ರಣ ಯಂತ್ರದ ದೋಷ ಪತ್ತೆ ಮತ್ತು ನಿರ್ವಹಣೆ: ಗ್ರಾಮ ಪಂಚಾಯತಿ ಸದಸ್ಯರಿಗೆ ಅಧ್ಯಯನ ಪಾಠ

ಕಾಮಗಾರಿಯ ಸ್ಥಳದಲ್ಲಿ ನಿಲ್ಲಿಸುವ ಮಾಹಿತಿ ಫಲಕವು ಅಲಂಕಾರದ ವಸ್ತುವಲ್ಲ. ಸಾರ್ವಜನಿಕ ಪ್ರಾಧಿಕಾರವು ತಾನಾಗಿಯೇ ಮಾಹಿತಿಯನ್ನು ಪ್ರಕಟಿಸಬೇಕೆಂದು ಮಾಹಿತಿ ಹಕ್ಕು ಅಧಿನಿಯಮ, 2005ರ 4ನೇ ಪ್ರಕರಣವು ವಿಧಿಸುತ್ತದೆ. ಅಂದಾಜು ಮೊತ್ತದ ಅಂಕಿಯ ಮೇಲೆ ಬಿಳಿ ಗೆರೆ ಹಾಯ್ದಿದ್ದರೆ, ಅಥವಾ ಒಂದೇ ಮಳೆಗಾಲಕ್ಕೆ ಅಕ್ಷರಗಳು ಎದ್ದು ಹೋದರೆ, ಫಲಕ ಇದ್ದೂ ಇಲ್ಲದಂತೆ. ಇಂತಹ ದೋಷಗಳಲ್ಲಿ ಹೆಚ್ಚಿನವು ಮುದ್ರಣ ಅಂಗಡಿಯ ಯಂತ್ರದಲ್ಲಿಯೇ ಹುಟ್ಟುತ್ತವೆ. ಸ್ವಸಹಾಯ ಗುಂಪುಗಳು ಇಂತಹ ಘಟಕ ನಡೆಸುವಲ್ಲಿ ಇನ್ನೊಂದು ಹೊಣೆಯೂ ಸೇರುತ್ತದೆ: ಯಂತ್ರವು ಒಂದು ವಾರ ನಿಂತರೂ ಸಾಲದ ಕಂತು ನಿಲ್ಲುವುದಿಲ್ಲ.

1. ಯಂತ್ರದ ಕಾರ್ಯವಿಧಾನ

ದೊಡ್ಡ ಅಳತೆಯ ಇಂಕ್‌ಜೆಟ್ ಯಂತ್ರದಲ್ಲಿ ಮುದ್ರಣ ಹೆಡ್ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಚಲಿಸುತ್ತದೆ. ಕೂದಲೆಳೆಗಿಂತ ಸಣ್ಣದಾದ ನೂರಾರು ರಂಧ್ರಗಳಿಂದ ಸಯಾನ್, ಮೆಜೆಂಟಾ, ಹಳದಿ ಮತ್ತು ಕಪ್ಪು ಶಾಯಿಯ ಹನಿಗಳು ವಿನೈಲ್ ಹಾಳೆಯ ಮೇಲೆ ಬೀಳುತ್ತವೆ. ಪ್ರತಿ ಸಾಲಿನ ನಂತರ ರೋಲರ್ ಹಾಳೆಯನ್ನು ನಿಗದಿತ ಅಳತೆಯಷ್ಟು ಮುಂದೆ ಸರಿಸುತ್ತದೆ. ಕೆಲಸವಿಲ್ಲದಾಗ ಹೆಡ್ ರಬ್ಬರ್ ಅಂಚಿನ ಮುಚ್ಚಳದ ಮೇಲೆ ಕುಳಿತು, ಶಾಯಿ ಒಣಗದಂತೆ ಕಾಯ್ದುಕೊಳ್ಳುತ್ತದೆ. ಈ ಮುಚ್ಚಳ ಸರಿಯಾಗಿ ಕೂರದಿದ್ದರೆ ಶಾಯಿ ಒಣಗಿ ರಂಧ್ರ ಕಟ್ಟುತ್ತದೆ.

2. ದೋಷ ಪತ್ತೆಯ ಕ್ರಮ

ಯಾವುದೇ ದೋಷ ಕಂಡರೂ ಮೊದಲು ಮಾಡಬೇಕಾದುದು ನಾಜಲ್ ಪರೀಕ್ಷೆಯ ಮುದ್ರಣ. ಇದನ್ನು ನೋಡದೆ ಹೆಡ್ ಕ್ಲೀನಿಂಗ್ ಗುಂಡಿಯನ್ನು ಮತ್ತೆ ಮತ್ತೆ ಒತ್ತುವುದು ರೋಗ ತಿಳಿಯದೆ ಔಷಧ ಕುಡಿಸಿದಂತೆ. ಪ್ರತಿ ಬಾರಿಯೂ ಶಾಯಿ ತ್ಯಾಜ್ಯದ ಬಾಟಲಿಗೆ ಹರಿಯುತ್ತದೆ, ಹಣವೂ ಅದರೊಂದಿಗೆ ಹರಿಯುತ್ತದೆ.

ಅ) ಪರೀಕ್ಷಾ ಮುದ್ರಣದಲ್ಲಿ ಪ್ರತಿ ಸಲವೂ ಒಂದೇ ಜಾಗದಲ್ಲಿ ಗೆರೆ ಕಾಣೆಯಾದರೆ ರಂಧ್ರ ಕಟ್ಟಿದೆ ಎಂದು ತಿಳಿಯಬೇಕು. ಕಾಣೆಯಾಗುವ ಜಾಗ ಸಲಸಲಕ್ಕೂ ಬದಲಾದರೆ ಶಾಯಿ ಪೂರೈಕೆಯಲ್ಲಿ ಗಾಳಿ ಸೇರಿರುವ ಸಂಭವವಿದೆ. ಆಗ ಕೊಳವೆ ಮತ್ತು ಡ್ಯಾಂಪರ್ ಪರಿಶೀಲಿಸಬೇಕು.

ಆ) ಪರೀಕ್ಷಾ ಮುದ್ರಣ ಪೂರ್ಣವಾಗಿದ್ದೂ ಫಲಕದಲ್ಲಿ ಸಮಾನ ಅಂತರದ ಅಡ್ಡಗೆರೆಗಳು ಕಂಡರೆ ಹಾಳೆ ಸರಿಯುವ ಅಳತೆ ತಪ್ಪಿದೆ. ಬಿಳಿ ಗೆರೆಯಾದರೆ ಹಾಳೆ ಹೆಚ್ಚು ಸರಿಯುತ್ತಿದೆ. ಕಪ್ಪಾದ ಗೆರೆಯಾದರೆ ಕಡಿಮೆ ಸರಿಯುತ್ತಿದೆ.

ಇ) ಅಕ್ಷರದ ಅಂಚು ಜೋಡಿಯಾಗಿ ಕಂಡರೆ ಎರಡು ದಿಕ್ಕಿನ ಮುದ್ರಣದ ಹೊಂದಾಣಿಕೆಯನ್ನು ಮತ್ತು ಹೆಡ್‌ನ ಎತ್ತರವನ್ನು ನೋಡಬೇಕು.

ಈ) ಹೆಡ್ ಚಲನೆ ತಪ್ಪಿ ಚಿತ್ರ ಪಕ್ಕಕ್ಕೆ ಸರಿದರೆ ಪಾರದರ್ಶಕ ಎನ್‌ಕೋಡರ್ ಪಟ್ಟಿಯ ಮೇಲೆ ಧೂಳು ಅಥವಾ ಶಾಯಿಯ ಕಲೆ ಇದೆಯೇ ಎಂದು ಪರಿಶೀಲಿಸಬೇಕು.

ಉ) ಹಾಳೆಯ ಮೇಲೆ ಶಾಯಿಯ ಗೀರು ಬಿದ್ದರೆ ಹೆಡ್‌ಗೆ ನಾರು ಅಂಟಿರಬಹುದು, ಅಥವಾ ಹಾಳೆಯ ಅಂಚು ಎದ್ದು ಹೆಡ್‌ಗೆ ತಗಲುತ್ತಿರಬಹುದು. ಎರಡನೆಯದಾದರೆ ಕೂಡಲೇ ನಿಲ್ಲಿಸಬೇಕು. ಹೆಡ್ ಯಂತ್ರದ ದುಬಾರಿ ಭಾಗಗಳಲ್ಲಿ ಒಂದು.

3. ನಿತ್ಯದ ನಿರ್ವಹಣೆ

ಬೆಳಿಗ್ಗೆ ಕೆಲಸ ಆರಂಭಿಸುವ ಮೊದಲು ನಾಜಲ್ ಪರೀಕ್ಷೆ ಮಾಡಿ, ಆ ಹಾಳೆಯ ಮೇಲೆ ದಿನಾಂಕ ಬರೆದು ಕಡತದಲ್ಲಿಡಬೇಕು. ಮುಚ್ಚಳದ ಅಂಚು, ವೈಪರ್ ಮತ್ತು ಹೆಡ್‌ನ ಸುತ್ತಲಿನ ಭಾಗವನ್ನು ನಾರು ಬಿಡದ ಸ್ವಾಬ್‌ನಿಂದ ಶುಚಿಗೊಳಿಸಬೇಕು. ರಂಧ್ರಗಳಿರುವ ಮೇಲ್ಮೈಯನ್ನು ಉಜ್ಜಬಾರದು. ಆ ಶಾಯಿಗೆ ತಯಾರಕರು ಸೂಚಿಸಿದ ದ್ರಾವಣವನ್ನೇ ಬಳಸಬೇಕು. ಪೇಂಟ್ ಥಿನ್ನರ್ ಸಲ್ಲದು. ಆದೇಶಗಳಿಲ್ಲದ ದಿನಗಳಲ್ಲಿಯೂ ಎಲ್ಲ ಬಣ್ಣಗಳಿರುವ ಸಣ್ಣ ಮುದ್ರಣವೊಂದನ್ನು ತೆಗೆಯುತ್ತಿರಬೇಕು. ದುಡಿಯುವ ಯಂತ್ರಕ್ಕಿಂತ ಸುಮ್ಮನಿರುವ ಯಂತ್ರವೇ ಬೇಗ ಕೆಡುತ್ತದೆ.

4. ವಿದ್ಯುತ್, ಕೊಠಡಿ ಮತ್ತು ಸುರಕ್ಷತೆ

ಮುದ್ರಣದ ನಡುವೆ ವಿದ್ಯುತ್ ಹೋದರೆ ಹೆಡ್ ಮುಚ್ಚಳವಿಲ್ಲದೆ ದಾರಿಯಲ್ಲಿಯೇ ನಿಲ್ಲುತ್ತದೆ. ಹೆಡ್ ಮರಳಿ ಮುಚ್ಚಳದ ಮೇಲೆ ಕೂರುವಷ್ಟು ಹೊತ್ತಾದರೂ ಯುಪಿಎಸ್ ಇರುವುದು ಅಗತ್ಯ. ಸರಿಯಾದ ಅರ್ಥಿಂಗ್ ಕಡ್ಡಾಯ. ಗಾಳಿ ತೀರ ಒಣಗಿದ್ದರೆ ಶಾಯಿ ಬೇಗ ಒಣಗುತ್ತದೆ, ಹಾಳೆಯಲ್ಲಿ ಸ್ಥಿರ ವಿದ್ಯುತ್ ಸೇರಿ ಧೂಳನ್ನು ಸೆಳೆಯುತ್ತದೆ. ಬಯಲುಸೀಮೆಯ ಬೇಸಿಗೆಯಲ್ಲಿ ಇದು ಸಾಮಾನ್ಯ. ಸಾಲ್ವೆಂಟ್ ಶಾಯಿಯ ಆವಿ ಹೊರಹೋಗಲು ಎಕ್ಸಾಸ್ಟ್ ಫ್ಯಾನ್ ಇರಬೇಕು, ಕೆಲಸಗಾರರು ಕೈಗವಸು ಧರಿಸಬೇಕು. ತ್ಯಾಜ್ಯ ಶಾಯಿಯನ್ನು ಚರಂಡಿಗೆ ಸುರಿಯಬಾರದು.

5. ಪಂಚಾಯತಿಯ ಪಾತ್ರ

ಮಾರ್ಚ್ 2016ರ ಅಧಿಸೂಚನೆಯಂತೆ ರಾಜ್ಯದಲ್ಲಿ ಪ್ಲಾಸ್ಟಿಕ್ ಫ್ಲೆಕ್ಸ್ ನಿಷಿದ್ಧ. ಆದುದರಿಂದ ಆದೇಶ ನೀಡುವಾಗಲೇ ಫಲಕವನ್ನು ಯಾವ ವಸ್ತುವಿನ ಮೇಲೆ ಮುದ್ರಿಸಬೇಕೆಂಬುದನ್ನು ಲಿಖಿತವಾಗಿ ನಮೂದಿಸಬೇಕು. ಹೊರಾಂಗಣದ ಫಲಕಕ್ಕೆ ಲ್ಯಾಮಿನೇಷನ್ ಬೇಕು. ಆದರೆ ಸಾಲ್ವೆಂಟ್ ಶಾಯಿ ಮೇಲೆ ಒಣಗಿದಂತೆ ಕಂಡರೂ ಒಳಗಿನ ಆವಿ ಹೊರಹೋಗಲು ಸಾಮಾನ್ಯವಾಗಿ 24 ಗಂಟೆ ಬೇಕಾಗುತ್ತದೆ. ಅದಕ್ಕೂ ಮೊದಲು ಲ್ಯಾಮಿನೇಷನ್ ಮಾಡಿದರೆ ಅಂಟು ಸಡಿಲಗೊಂಡು ಅಂಚುಗಳು ಸುರುಳಿ ಸುತ್ತಿಕೊಳ್ಳುತ್ತವೆ. ಮೇಲಧಿಕಾರಿಗಳ ಭೇಟಿಯ ಹಿಂದಿನ ಸಂಜೆ ಆದೇಶ ನೀಡಿ ಬೆಳಿಗ್ಗೆ ಫಲಕ ಬೇಕೆನ್ನುವ ಪದ್ಧತಿಯಿಂದ ಕೆಡುವುದು ಪಂಚಾಯತಿಯದೇ ಫಲಕ. ಅಲ್ಲಿ ಅಂಗಡಿಯವರನ್ನು ದೂರಿ ಫಲವಿಲ್ಲ.

ಫಲಕ ಸ್ವೀಕರಿಸುವಾಗ ಮೊತ್ತ, ದಿನಾಂಕ ಮತ್ತು ದೂರವಾಣಿ ಸಂಖ್ಯೆಯ ಪ್ರತಿ ಅಂಕಿಯನ್ನೂ ಹತ್ತು ಹೆಜ್ಜೆ ದೂರ ನಿಂತು ಓದಿ ನೋಡಿದ ನಂತರವೇ ಬಿಲ್ಲಿಗೆ ಶಿಫಾರಸು ಮಾಡುವುದು ಸೂಕ್ತ. ಸ್ವಸಹಾಯ ಗುಂಪಿನ ಘಟಕಕ್ಕೆ ನೆರವು ನೀಡುವಾಗ ಯಂತ್ರದ ಬೆಲೆಯೊಂದಿಗೆ ಯುಪಿಎಸ್, ಬಿಡಿಭಾಗ ಮತ್ತು ತರಬೇತಿಯ ವೆಚ್ಚವನ್ನೂ ಅಂದಾಜಿನಲ್ಲಿ ಸೇರಿಸಬೇಕು.

ಸಭೆಯಲ್ಲಿ ಚರ್ಚಿಸಬೇಕಾದ ಪ್ರಶ್ನೆಗಳು

1. ಕಳೆದ ವರ್ಷ ಅಳವಡಿಸಿದ ಫಲಕಗಳಲ್ಲಿ ಇಂದು ಓದಲು ಬರುವವು ಎಷ್ಟು?
2. ಫಲಕದ ಆದೇಶಕ್ಕೂ ಅಳವಡಿಕೆಗೂ ನಡುವೆ ಎಷ್ಟು ದಿನಗಳ ಅವಕಾಶ ನೀಡಲಾಗುತ್ತಿದೆ?
3. ಪಂಚಾಯತಿ ವ್ಯಾಪ್ತಿಯ ಮುದ್ರಣ ಘಟಕದಲ್ಲಿ ನಾಜಲ್ ಪರೀಕ್ಷೆಯ ಕಡತವಿದೆಯೇ?