ಕೈ ಜೋಮು ಹಿಡಿಯುತ್ತಿದೆಯೇ? ಮೊದಲು ಬೆರಳು ಗುರುತಿಸಿ

ನಡುರಾತ್ರಿ ಕೈ ಜೋಮು ಹಿಡಿದು ಎಚ್ಚರವಾಗುತ್ತದೆ. ಎದ್ದು ಕೂತು ಕೈ ಕೊಡವಿದರೆ ಸ್ವಲ್ಪ ಹೊತ್ತಿನಲ್ಲಿ ಸರಿಹೋಗುತ್ತದೆ. ‘ರಕ್ತ ಸರಿಯಾಗಿ ಓಡಾಡ್ತಿಲ್ಲ’, ‘ವಾಯು ಇರಬೇಕು’ ಎಂದುಕೊಂಡು ಎಣ್ಣೆ ತಿಕ್ಕುತ್ತಾ ತಿಂಗಳುಗಟ್ಟಲೆ ದಿನ ತಳ್ಳುವವರಿದ್ದಾರೆ. ಮಣಿಕಟ್ಟಿನಲ್ಲಿ ನರ ಅದುಮಿಹೋಗುವ ‘ಕಾರ್ಪಲ್ ಟನಲ್ ಸಿಂಡ್ರೋಮ್’ ಶುರುವಾಗುವುದು ಹೀಗೆಯೇ. ಬೇಗ ಗೊತ್ತಾದರೆ ರಾತ್ರಿ ಕಟ್ಟಿಕೊಳ್ಳುವ ಪಟ್ಟಿಯಿಂದಲೇ ಹತೋಟಿಗೆ ಬರಬಹುದು. ತಡವಾದರೆ, ಸೊರಗಿದ ಸ್ನಾಯು ಶಸ್ತ್ರಚಿಕಿತ್ಸೆಯ ನಂತರವೂ ಪೂರ್ತಿ ಚೇತರಿಸಿಕೊಳ್ಳದಿರಬಹುದು.

ಒಳಗೆ ಆಗುವುದೇನು?

ಮಣಿಕಟ್ಟಿನ ಅಂಗೈ ಬದಿಯಲ್ಲಿ ಇಕ್ಕಟ್ಟಾದ ದಾರಿಯೊಂದಿದೆ. ತಳ ಮತ್ತು ಬದಿಗಳಲ್ಲಿ ಮೂಳೆ, ಮೇಲೆ ಗಟ್ಟಿಯಾದ ಅಸ್ಥಿಬಂಧ. ಬೆರಳು ಮಡಚುವ 9 ಸ್ನಾಯುರಜ್ಜುಗಳು ಹಾಗೂ ಮೀಡಿಯನ್ ನರ ಇದರೊಳಗೇ ಹಾದುಹೋಗಬೇಕು. ಒಳಗೆ ಬಾವು ಬಂದರೆ ದಾರಿ ಹಿಗ್ಗುವುದಿಲ್ಲ, ಒತ್ತಡವೆಲ್ಲ ಮೆತ್ತನೆಯ ನರದ ಮೇಲೆ ಬೀಳುತ್ತದೆ. ನಿದ್ದೆಯಲ್ಲಿ ಮಣಿಕಟ್ಟು ಮಡಚಿಕೊಳ್ಳುವುದರಿಂದ ರಾತ್ರಿ ತೊಂದರೆ ಹೆಚ್ಚು.

ಹಂತ 1: ಯಾವ ಬೆರಳು, ಯಾವ ಹೊತ್ತು?

ಒಂದು ವಾರ ಗಮನಿಸಿ ಬರೆದಿಡಿ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರಬೆರಳಿನ ಅರ್ಧ ಭಾಗ ಈ ನರದ ವ್ಯಾಪ್ತಿ. ಕಿರುಬೆರಳು ಇದರಲ್ಲಿಲ್ಲ. ಕಿರುಬೆರಳೇ ಮುಖ್ಯವಾಗಿ ಮರಗಟ್ಟಿದರೆ ಮೊಣಕೈ ಬಳಿಯ ಅಲ್ನಾರ್ ನರವನ್ನು ಪರೀಕ್ಷಿಸಬೇಕು. ನೋವು ಕುತ್ತಿಗೆಯಿಂದ ಇಳಿದು ಬರುತ್ತಿದ್ದರೆ ಕುತ್ತಿಗೆಯ ನರ, ಎರಡೂ ಪಾದಗಳೂ ಜೋಮು ಹಿಡಿದರೆ ಮಧುಮೇಹದಂಥ ಕಾರಣ ಇರಬಹುದು. ಗಾಡಿ ಓಡಿಸುವಾಗ, ಫೋನ್ ಹಿಡಿದಾಗ ಹೆಚ್ಚಾಗುತ್ತದೆಯೇ? ಕೈಯಿಂದ ಲೋಟ ಜಾರುತ್ತದೆಯೇ? ಅಂಗಿಯ ಗುಂಡಿ ಹಾಕಲು ಕಷ್ಟವೇ? ಅದನ್ನೂ ಬರೆಯಿರಿ.

ಹಂತ 2: ಒಂದು ನಿಮಿಷದ ಪರೀಕ್ಷೆ

ಎರಡೂ ಅಂಗೈಗಳ ಹಿಂಭಾಗವನ್ನು ಒಂದಕ್ಕೊಂದು ತಾಗಿಸಿ, ಬೆರಳು ಕೆಳಮುಖವಾಗಿರುವಂತೆ ಎದೆಯ ಮುಂದೆ ಹಿಡಿಯಿರಿ. ಒಂದು ನಿಮಿಷದೊಳಗೆ ಅದೇ ಬೆರಳುಗಳು ಜೋಮು ಹಿಡಿದರೆ ಅನುಮಾನ ಬಲವಾಗುತ್ತದೆ. ಇದು ಅಮೆರಿಕದ ಶಸ್ತ್ರವೈದ್ಯ ಜಾರ್ಜ್ ಫೇಲನ್ ಹೆಸರಿನ ಪರೀಕ್ಷೆ. ಏನೂ ಆಗದಿದ್ದರೂ ರೋಗವಿಲ್ಲ ಎಂದು ತೀರ್ಮಾನಿಸಬೇಡಿ.

ಹಂತ 3: ಮೂಲ ಕಾರಣ ಹುಡುಕಿ

ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚು. ಗರ್ಭಿಣಿಯರಲ್ಲಿ ಕಾಣಿಸಿಕೊಂಡು ಹೆರಿಗೆಯ ನಂತರ ಸಾಮಾನ್ಯವಾಗಿ ತಗ್ಗುತ್ತದೆ. ಮಧುಮೇಹ, ಥೈರಾಯ್ಡ್ ಕೊರತೆ, ಸಂಧಿವಾತ, ಬೊಜ್ಜು, ಹಿಂದೆ ಮುರಿದ ಮಣಿಕಟ್ಟು ಇವೂ ಕಾರಣ. ಸಕ್ಕರೆ ಮತ್ತು ಥೈರಾಯ್ಡ್ ಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳಿ. ಬಲ ಹಾಕಿ ಹಿಡಿದು, ಮಣಿಕಟ್ಟನ್ನು ಪದೇಪದೇ ಬಗ್ಗಿಸುವ ಕೆಲಸ ಮತ್ತು ಕಳೆ ಕತ್ತರಿಸುವ ಯಂತ್ರದಂಥ ಅದುರುವ ಸಲಕರಣೆಗಳೂ ನರಕ್ಕೆ ಹೊರೆ. ಅಂಥ ಕೆಲಸದ ನಡುನಡುವೆ ಕೈಗೆ ಬಿಡುವು ಕೊಡಿ.

ಹಂತ 4: ವೈದ್ಯರಲ್ಲಿ ತೋರಿಸಿ

ನರತಜ್ಞರು, ಮೂಳೆತಜ್ಞರು ಇಬ್ಬರೂ ಇದನ್ನು ನೋಡುತ್ತಾರೆ. ಅಗತ್ಯವಿದ್ದರೆ ‘ನರ್ವ್ ಕಂಡಕ್ಷನ್’ ಪರೀಕ್ಷೆ ಮಾಡಿಸುತ್ತಾರೆ. ಸಣ್ಣ ವಿದ್ಯುತ್ ಪ್ರಚೋದನೆ ಕೊಟ್ಟು ನರದಲ್ಲಿ ಸಂದೇಶ ಎಷ್ಟು ವೇಗವಾಗಿ ಸಾಗುತ್ತದೆಂದು ಅಳೆಯುವ ಪರೀಕ್ಷೆ ಇದು. ಸಣ್ಣಗೆ ಜುಮ್ಮೆನ್ನುತ್ತದೆ, ಹೆದರಬೇಕಿಲ್ಲ. ಎಕ್ಸ್‌ರೇಯಲ್ಲಿ ನರ ಕಾಣುವುದಿಲ್ಲ.

ಹಂತ 5: ಚಿಕಿತ್ಸೆ

*ಮಣಿಕಟ್ಟಿನ ಪಟ್ಟಿ:* ಹಗುರ ತೊಂದರೆಗೆ ಮೊದಲ ಮದ್ದು ಇದೇ. ಮಣಿಕಟ್ಟನ್ನು ನೇರವಾಗಿ ನಿಲ್ಲಿಸುವ ಸ್ಪ್ಲಿಂಟನ್ನು ಪ್ರತಿ ರಾತ್ರಿ ಕನಿಷ್ಠ 6 ವಾರ ಕಟ್ಟಿಕೊಳ್ಳಿ. ಬೆರಳು ಮಡಚಲು ಬರುವಷ್ಟು ಸಡಿಲವಿರಲಿ. ಎರಡು ದಿನ ಕಟ್ಟಿ ‘ಗುಣ ಕಾಣಲಿಲ್ಲ’ ಎಂದು ಬಿಡಬೇಡಿ.

*ಸ್ಟೀರಾಯ್ಡ್ ಚುಚ್ಚುಮದ್ದು:* ಬಾವು ಇಳಿಸಿ ಕೆಲವು ವಾರ ಅಥವಾ ತಿಂಗಳು ನೆಮ್ಮದಿ ಕೊಡುತ್ತದೆ. ತೊಂದರೆ ಮರುಕಳಿಸಬಹುದು. ಮಧುಮೇಹಿಗಳಿಗೆ ಕೆಲವು ದಿನ ಸಕ್ಕರೆ ಏರಬಹುದು, ಮೊದಲೇ ಹೇಳಿ. ನೋವಿನ ಮಾತ್ರೆಗಳಿಂದ ನರದ ಒತ್ತಡ ತಗ್ಗುವುದಿಲ್ಲ. ಅವನ್ನೇ ನುಂಗುತ್ತಾ ಕೂರಬೇಡಿ.

*ಶಸ್ತ್ರಚಿಕಿತ್ಸೆ:* ಮೇಲಿನ ಅಸ್ಥಿಬಂಧವನ್ನು ಕತ್ತರಿಸಿ ನರಕ್ಕೆ ಜಾಗ ಮಾಡಿಕೊಡುತ್ತಾರೆ. ಸಾಮಾನ್ಯವಾಗಿ ಕೈಗಷ್ಟೇ ಅರಿವಳಿಕೆ ಮದ್ದು ಕೊಟ್ಟು ಮಾಡುವುದರಿಂದ ಅದೇ ದಿನ ಮನೆಗೆ ಹೋಗಬಹುದು. ಸುಮಾರು 10ರಿಂದ 14 ದಿನಕ್ಕೆ ಹೊಲಿಗೆ ಬಿಚ್ಚುತ್ತಾರೆ. ರಾತ್ರಿಯ ನೋವು ಬೇಗ ಹೋಗುತ್ತದೆ, ಹಿಡಿತದ ಬಲ ಮರಳಲು ತಿಂಗಳುಗಳು ಬೇಕು.

ಇವು ಕಂಡರೆ ಕಾಯಬೇಡಿ

ಜೋಮು ಹಗಲಿರುಳೂ ಬಿಡದಿದ್ದರೆ, ಹೆಬ್ಬೆರಳಿನ ಬುಡದ ಉಬ್ಬು ಚಪ್ಪಟೆಯಾದರೆ ನರಕ್ಕೆ ಆಗಲೇ ಪೆಟ್ಟು ಬಿದ್ದಿದೆ ಎಂದರ್ಥ, ಕೂಡಲೇ ತಜ್ಞರನ್ನು ಕಾಣಿ. ಕೈ ಮುರಿದ ಬೆನ್ನಲ್ಲೇ ಬೆರಳು ಮರಗಟ್ಟಿದರೆ ಅದು ತುರ್ತು. ಕೈ ಏಕಾಏಕಿ ಸೋತು, ಬಾಯಿ ಸೊಟ್ಟಗಾಗಿ, ಮಾತು ತೊದಲಿದರೆ ಅದು ಪಾರ್ಶ್ವವಾಯು ಇರಬಹುದು, ಒಂದು ನಿಮಿಷವೂ ತಡಮಾಡದೆ ಆಸ್ಪತ್ರೆಗೆ ಓಡಿ.

ಮನೆಯಲ್ಲಿ ಅಮ್ಮನೋ ಅಜ್ಜಿಯೋ ‘ಕೈಗೆ ಬಲವೇ ಇಲ್ಲ’ ಎನ್ನುತ್ತಿದ್ದರೆ ವಯಸ್ಸಿನ ಮೇಲೆ ಹಾಕಿ ಸುಮ್ಮನಾಗಬೇಡಿ. ಯಾವ ಬೆರಳು, ಯಾವ ಹೊತ್ತು ಎಂದು ಇವತ್ತೇ ಕೇಳಿ.