ತೋಟದ ಕೂಲಿ ಸ್ವಂತ ಹೊಲದಲ್ಲೇ: ಗಡಿ ತಾಲ್ಲೂಕುಗಳ ಸಣ್ಣ ರೈತರಿಗೆ ಸರ್ಕಾರದ ನೆರವು

ಅಥಣಿ ಸೀಮೆಯ ದ್ರಾಕ್ಷಿ ತೋಟಗಳಲ್ಲಿ ಅಕ್ಟೋಬರ್ ಚಾಟಣಿಗೆ ಕತ್ತರಿ ಹಿಡಿದ ಕೈಗೆ ಕಟಾವು ಮುಗಿಯುವವರೆಗೂ ಕೆಲಸ ಇದ್ದೇ ಇರುತ್ತದೆ. ಹಂಗಾಮು ಮುಗಿಯಿತೋ, ಕೂಲಿಯೂ ಮುಗಿಯಿತು. ಆ ನಡುವಿನ ತಿಂಗಳುಗಳಿಗೆ ಸರ್ಕಾರದ ಆಸರೆ ಏನು?

ಕೋವಿಡ್ ಕಾಲದಲ್ಲಿ, 2020ರ ನವೆಂಬರ್‌ನಿಂದ, ಹಣ್ಣು ಕೊಯ್ಯಲು ಊರು ಬಿಟ್ಟು ಹೋಗುವ ತನ್ನ ನಾಗರಿಕರಿಗೆ ಆಸ್ಟ್ರೇಲಿಯಾ 6,000 ಡಾಲರ್‌ವರೆಗೆ ವೆಚ್ಚ ಭರಿಸಿತ್ತು. ನಮ್ಮಲ್ಲಿ ಲೆಕ್ಕ ಬೇರೆ. ಇನ್ನೊಬ್ಬರ ತೋಟದಲ್ಲಿ ಹಣ್ಣು ಕೊಯ್ದದ್ದಕ್ಕೆ ಸರ್ಕಾರ ಕೂಲಿ ಕೊಡದು. ಸ್ವಂತ ಹೊಲದಲ್ಲಿ ತೋಟ ಎಬ್ಬಿಸಿದರೆ ಕೊಡುತ್ತದೆ. ಸಣ್ಣ ಹಿಡುವಳಿಯವರಿಗೆ ಇದೇ ಹೆಚ್ಚು ಲಾಭದ್ದು, ಏಕೆಂದರೆ ಕೂಲಿಯೂ ಅವರದೇ, ಗಿಡವೂ ಅವರದೇ.

2005ರ ಉದ್ಯೋಗ ಖಾತ್ರಿ ಕಾಯ್ದೆ ಪ್ರತಿ ಕುಟುಂಬಕ್ಕೆ ವರ್ಷಕ್ಕೆ 100 ದಿನದ ಕೆಲಸ ಕೊಟ್ಟಿತು. 2025-26ರಲ್ಲಿ ಕರ್ನಾಟಕದ ದಿನಗೂಲಿ 370 ರೂಪಾಯಿ ಇತ್ತು, ಹೆಣ್ಣಿಗೂ ಗಂಡಿಗೂ ಒಂದೇ. ಐದು ಎಕರೆಯೊಳಗಿನ ರೈತರು, ಪರಿಶಿಷ್ಟ ಜಾತಿ–ಪಂಗಡದವರು, ಮಹಿಳೆಯೇ ಯಜಮಾನಿಯಾದ ಕುಟುಂಬಗಳು ತೋಟಗಾರಿಕೆ ಇಲಾಖೆಯ ಮೂಲಕ ಮಾವು, ಪೇರಲ, ನುಗ್ಗೆಯಂಥ ಬೆಳೆ ಹಾಕಿಕೊಳ್ಳಬಹುದು. ಮುಖ್ಯ ಷರತ್ತು: ಮನೆಯವರಲ್ಲಿ ಒಬ್ಬರಾದರೂ ಆ ಕೆಲಸಕ್ಕೆ ಇಳಿಯಲೇಬೇಕು. ಗುತ್ತಿಗೆದಾರರಿಗೆ ಪ್ರವೇಶವಿಲ್ಲ.

ಮಾವಿನ ಗುಂಡಿಯನ್ನೇ ನೋಡಿ. ಉದ್ದ, ಅಗಲ, ಆಳ ಮೂರೂ ಮೂರು ಮೂರು ಅಡಿ. ಮೇಲ್ಮಣ್ಣು ಒಂದು ಬದಿ, ಅಡಿಮಣ್ಣು ಇನ್ನೊಂದು ಬದಿ. ಬೇಸಿಗೆಯ ಬಿಸಿಲಿಗೆ ಎರಡು ಮೂರು ವಾರ ಒಣಗಲು ಬಿಟ್ಟು, ಮೇಲ್ಮಣ್ಣಿಗೆ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಬೇಕು. ಕೂಲಿ ನಿರ್ಧಾರವಾಗುವುದು ಅಳತೆಯ ಮೇಲೆ. ಗುಂಡಿ ಚಿಕ್ಕದಾದರೆ ಹಣವೂ ಕಡಿಮೆ, ಬೇರಿಗೆ ಜಾಗವೂ ಕಡಿಮೆ.

ಎಡವುವುದು ಗುಂಡಿಯಲ್ಲಲ್ಲ, ಕಾಲದಲ್ಲಿ. ಜೂನ್ ಮಳೆಗೆ ಸಸಿ ನೆಡುವವರು ಮೇ ತಿಂಗಳಲ್ಲಿ ಅರ್ಜಿ ಹಿಡಿದು ಓಡುತ್ತಾರೆ. ಮರುವರ್ಷದ ಕಾಮಗಾರಿ ಪಟ್ಟಿಗೆ ಹೆಸರು ಸೇರಿಸುವ ಗ್ರಾಮಸಭೆ ಅಕ್ಟೋಬರ್ 2ರಿಂದಲೇ ಶುರುವಾಗುತ್ತದೆ. ಆಗ ಹೆಸರು ಬರೆಸದವರು ಕಾಯಬೇಕಾದೀತು.

ಗಡಿಯ ಮೇಲಿನ ಕೊಗನೊಳ್ಳಿಯಂಥ ಊರಿಗೆ ಇನ್ನೊಂದು ಮಾತು. ಉದ್ಯೋಗ ಖಾತ್ರಿಯ ಜಾಬ್ ಕಾರ್ಡ್ ಸ್ವಂತ ಪಂಚಾಯಿತಿಗಷ್ಟೇ ಸೀಮಿತ, ಗಡಿಯಾಚೆ ಮಹಾರಾಷ್ಟ್ರದ ಕಾಗಲ್ ಕಡೆ ಅದು ನಡೆಯದು. ಅಸಂಘಟಿತ ಕಾರ್ಮಿಕರ ನೋಂದಣಿಗೆಂದು 2021ರಲ್ಲಿ ಬಂದ ಇ-ಶ್ರಮ್ ಕಾರ್ಡ್ ಮಾತ್ರ ದೇಶದಲ್ಲೆಲ್ಲ ಚಾಲ್ತಿ. ಭೂಮಿಯಿಲ್ಲದ ತೋಟದ ಕೂಲಿಕಾರರು ಇದನ್ನು ಮಾಡಿಸಿಕೊಳ್ಳುವುದು ಒಳ್ಳೆಯದು.

2025ರ ಡಿಸೆಂಬರ್‌ನಲ್ಲಿ ಸಂಸತ್ತು ಹಳೆಯ ಕಾಯ್ದೆಯ ಜಾಗಕ್ಕೆ ವಿಬಿ-ಜಿ ರಾಮ್ ಜಿ ಕಾಯ್ದೆಯನ್ನು ಅಂಗೀಕರಿಸಿತು. ಅದರಲ್ಲಿ ದಿನಗಳು 125ಕ್ಕೆ ಏರಿವೆ. ಆದರೆ ಬಿತ್ತನೆ, ಕಟಾವಿನ ಭರಾಟೆಯಲ್ಲಿ ಒಟ್ಟು 60 ದಿನ ಕೆಲಸ ನಿಲ್ಲಿಸಲು ರಾಜ್ಯಕ್ಕೆ ಅಧಿಕಾರವಿದೆ. ಆ 60 ದಿನ ಯಾವ ತಿಂಗಳಿಗೆ ಬೀಳುತ್ತದೆಂದು ಪಂಚಾಯಿತಿಯಲ್ಲಿ ಕೇಳಿಕೊಂಡೇ ಗುಂಡಿಗೆ ಗುದ್ದಲಿ ಹಾಕುವುದು ಜಾಣತನ.

ಗಿಡ ನಿಂತ ಮೇಲೆ ನೀರಿನ ಚಿಂತೆ. ಹನಿ ನೀರಾವರಿಗೆ ರಾಜ್ಯದಲ್ಲಿ 2 ಹೆಕ್ಟೇರ್‌ವರೆಗೆ ಗರಿಷ್ಠ ಶೇ 90ರಷ್ಟು ಸಹಾಯಧನವಿದೆ. ಅದಕ್ಕೆ ರೈತರ ನೋಂದಣಿಯ ಫ್ರೂಟ್ಸ್ ಗುರುತಿನ ಸಂಖ್ಯೆ ಬೇಕು, ಪಹಣಿಯಲ್ಲಿ ಅರ್ಜಿದಾರರ ಹೆಸರು ಇರಬೇಕು. ತೀರಿಹೋದ ಅಜ್ಜನ ಹೆಸರಲ್ಲೇ ಪಹಣಿ ಉಳಿದಿದ್ದರೆ ಮೊದಲು ಪೌತಿ ಖಾತೆ ಮಾಡಿಸಬೇಕು.